ಹಂಡೆ, ಗೀಸರ್ ಮತ್ತು ಅಮೆರಿಕದ ಬಚ್ಚಲುಮನೆ

ದೀಪಾವಳಿಯ ಮುನ್ನಾದಿನ ನಮ್ಮ ಊರುಗಳಲ್ಲಿ ನೀರು ತುಂಬುವ ಹಬ್ಬ. ಬಚ್ಚಲುಮನೆಯನ್ನು ತೊಳೆದು, ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕೊರಳಿಗೆ ಹಿಂಡಲೆಕಾಯಿ ಬಳ್ಳಿ ಕಟ್ಟಿ, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಜಾಗಟೆ ಬಾರಿಸಿ ಬಾವಿಯ ನೀರು ತುಂಬುವ ಪದ್ಧತಿ ಇಂದಿಗೂ ಹಲವು ಮನೆಗಳಲ್ಲಿದೆ. ಮರುದಿನ ನಸುಕಿನಲ್ಲಿ ಅಜ್ಜನಿಂದ ಮೊಮ್ಮಗುವಿನವರೆಗೆ ಎಲ್ಲರಿಗೂ ಎಣ್ಣೆಸ್ನಾನ. ಹಬ್ಬ ಯಾರದೇ ಇರಲಿ, ಹಂಡೆ ಮಾತ್ರ ಎಲ್ಲರದು. ಹಿಂದೂ, ಮುಸ್ಲಿಂ, ಕ್ರೈಸ್ತ ಯಾರ ಮನೆಯ ಬಚ್ಚಲಲ್ಲೂ ಅದು ಒಲೆಯ ಮೇಲೆ ಕೂತಿರುತ್ತಿತ್ತು. ಕೆಳಗೆ ಒಣಗಿದ ಮಡಲು, ತೆಂಗಿನ ಸಿಪ್ಪೆ, ಗೆರಟೆ. ಬೆಂಕಿ ಸಣ್ಣದು, ನೀರು ಬಹಳ, ಹೊತ್ತು ಧಾರಾಳ.

ಈ ಹಂಡೆಯ ಲೆಕ್ಕವನ್ನು ನೆನಪಿಸಲು ಕಾರಣವಿದೆ. ನಮ್ಮಲ್ಲಿ ಅನೇಕರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಇಂದು ಅಮೆರಿಕದಲ್ಲಿದ್ದಾರೆ. ವಾಷಿಂಗ್ಟನ್ ಸುತ್ತಲಿನ ವರ್ಜೀನಿಯಾ, ಮೇರಿಲ್ಯಾಂಡ್, ತೆಂಕಣಕ್ಕೆ ಉತ್ತರ ಮತ್ತು ದಕ್ಷಿಣ ಕೆರೊಲಿನಾ, ಇನ್ನೂ ಕೆಳಗೆ ಅಟ್ಲಾಂಟಾ, ಇಲ್ಲೆಲ್ಲ ಕನ್ನಡದ ಕುಟುಂಬಗಳು ಮನೆ ಕೊಂಡು ನೆಲೆಸಿವೆ. ವಾಷಿಂಗ್ಟನ್ ಪ್ರದೇಶದ ಕಾವೇರಿ ಕನ್ನಡ ಸಂಘ, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟಗಳ ಹೆಸರನ್ನು ನಮ್ಮ ಓದುಗರು ಕೇಳಿರುತ್ತಾರೆ. ಅಲ್ಲಿ ಹಳೆಯ ವಾಟರ್ ಹೀಟರ್ ಕೆಟ್ಟಾಗ ಏಳುವ ಪ್ರಶ್ನೆ ಒಂದೇ: ಮತ್ತೆ ಟ್ಯಾಂಕ್ ಇರುವುದನ್ನೇ ಹಾಕಿಸುವುದೋ, ಕರೆಂಟಿನ ಟ್ಯಾಂಕ್‌ಲೆಸ್ ಹಾಕಿಸುವುದೋ? ಇಲ್ಲಿ ದುಡಿದು ಊರಲ್ಲಿ ಮನೆ ಕಟ್ಟಿಸುವ ನಮಗೂ ಅದೇ ಪ್ರಶ್ನೆ, ಹೆಸರು ಮಾತ್ರ ಬೇರೆ: ಸ್ಟೋರೇಜ್ ಗೀಸರೋ, ಇನ್‌ಸ್ಟಂಟ್ ಗೀಸರೋ? ಟ್ಯಾಂಕ್ ಎಂದರೆ ಹಳೆಯ ಕಾಲದ್ದು, ಟ್ಯಾಂಕ್‌ಲೆಸ್ ಎಂದರೆ ಹೊಸದು, ಹೊಸದೇ ಒಳ್ಳೆಯದು ಎಂಬುದು ಸಾಮಾನ್ಯ ನಂಬಿಕೆ. ಇತಿಹಾಸ ಹೇಳುವುದು ಬೇರೆ.

ಯಂತ್ರಗಳಲ್ಲಿ ಮೊದಲು ಬಂದದ್ದೇ ಟ್ಯಾಂಕ್ ಇಲ್ಲದ್ದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ಎಂಬ ಬಣ್ಣದ ಕೆಲಸದವನು ಗ್ಯಾಸ್ ಉರಿಯ ಶಾಖದಲ್ಲಿ ನೀರು ಹರಿಯುತ್ತಲೇ ಬಿಸಿಯಾಗುವ ಉಪಕರಣ ಮಾಡಿದ. ಐಸ್‌ಲ್ಯಾಂಡಿನ ಬಿಸಿನೀರ ಬುಗ್ಗೆಯ ಹೆಸರನ್ನೇ ಅದಕ್ಕಿಟ್ಟ: ಗೀಸರ್. ಬ್ರಿಟಿಷರ ಜೊತೆ ಆ ಹೆಸರು ನಮ್ಮಲ್ಲಿಗೆ ಬಂದು ಕನ್ನಡದ ಮಾತೇ ಆಗಿಹೋಯಿತು. ಅಮೆರಿಕದವರಿಗೆ ಮಾತ್ರ ಗೀಸರ್ ಎಂದರೆ ಇಂದಿಗೂ ನೆಲದಿಂದ ಚಿಮ್ಮುವ ಬುಗ್ಗೆ. ಅಲ್ಲಿನ ಅಂಗಡಿಯಲ್ಲಿ ಗೀಸರ್ ಕೇಳಿದರೆ ಅರ್ಥವಾಗುವುದಿಲ್ಲ, ವಾಟರ್ ಹೀಟರ್ ಎನ್ನಬೇಕು. ಮಾನ್ ಮಾಡಿದ ಗೀಸರಿಗೆ ಒಂದು ದೊಡ್ಡ ಕೊರತೆಯಿತ್ತು. ಹೊಗೆ ಹೊರಗೆ ಹೋಗಲು ಕೊಳವೆ ಇರಲಿಲ್ಲ. ಉರಿದ ಗಾಳಿಯೆಲ್ಲ ಸ್ನಾನದ ಕೋಣೆಯಲ್ಲೇ ಉಳಿಯುತ್ತಿತ್ತು. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇವೆ.

ತಾನಾಗಿ ಉರಿದು ತಾನಾಗಿ ಆರುವ ಟ್ಯಾಂಕ್ ಹೀಟರ್ ಬಂದದ್ದು ಇಪ್ಪತ್ತು ವರ್ಷಗಳ ನಂತರ. ನಾರ್ವೆಯಿಂದ ಅಮೆರಿಕಕ್ಕೆ ವಲಸೆ ಹೋದ ಎಂಜಿನಿಯರ್ ಎಡ್ವಿನ್ ರುಡ್ 1889ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಅದನ್ನು ರೂಪಿಸಿದರು. ಅವರ ಹೆಸರಿನ ಹೀಟರುಗಳು ಇಂದಿಗೂ ಅಮೆರಿಕದ ಮಾರುಕಟ್ಟೆಯಲ್ಲಿವೆ. ತತ್ವ ನಮ್ಮ ಹಂಡೆಯದೇ. ಹನಿ ಹನಿ ಕೂಡಿದರೆ ಹಳ್ಳ ಎನ್ನುವಂತೆ, ಸಣ್ಣ ಶಾಖವನ್ನು ಗಂಟೆಗಟ್ಟಲೆ ಕೂಡಿಟ್ಟು ಬೇಕಾದಾಗ ಒಮ್ಮೆಲೇ ಖರ್ಚು ಮಾಡುವುದು.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಈ ಟ್ಯಾಂಕ್ ಕರೆಂಟಿನಿಂದ ಕಾಯಲು ತೊಡಗಿದ ಕಥೆಯ ಒಂದು ತುದಿ ಬಿಸಿನೀರಿನಲ್ಲೇ ಇದೆ. ಅಟ್ಲಾಂಟಾದಿಂದ ಸುಮಾರು 110 ಕಿಲೋಮೀಟರ್ ದೂರದಲ್ಲಿ ವಾರ್ಮ್ ಸ್ಪ್ರಿಂಗ್ಸ್ ಎಂಬ ಊರಿದೆ. ಅಲ್ಲಿನ ಬುಗ್ಗೆಯ ನೀರು ವರ್ಷವಿಡೀ ಸುಮಾರು 31 ಡಿಗ್ರಿ ಸೆಲ್ಸಿಯಸ್. ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1924ರಲ್ಲಿ ಅಲ್ಲಿಗೆ ಜಲಚಿಕಿತ್ಸೆಗೆ ಬಂದರು. ಆ ಪುಟ್ಟ ಮನೆಗೆ ಬಂದ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ 18 ಸೆಂಟ್ ಹಾಕಿದ್ದರು. ನ್ಯೂಯಾರ್ಕ್ ರಾಜ್ಯದ ತಮ್ಮ ಸ್ವಂತ ಮನೆಯಲ್ಲಿ ಕೊಡುತ್ತಿದ್ದುದಕ್ಕಿಂತ ಅದು ಸುಮಾರು ನಾಲ್ಕು ಪಟ್ಟು. ಅಧ್ಯಕ್ಷರಾದ ಮೇಲೆ 1938ರಲ್ಲಿ ಜಾರ್ಜಿಯಾದ ಬಾರ್ನ್ಸ್‌ವಿಲ್ ಎಂಬಲ್ಲಿ ಮಾತಾಡುತ್ತಾ, ಗ್ರಾಮೀಣ ವಿದ್ಯುದೀಕರಣದ ಯೋಚನೆ ಹುಟ್ಟಿದ್ದು ಆ ಬಿಲ್ಲಿನಿಂದಲೇ ಎಂದು ಅವರೇ ಹೇಳಿಕೊಂಡರು. 1933ರಲ್ಲಿ ಟೆನ್ನೆಸ್ಸಿ ಕಣಿವೆ ಪ್ರಾಧಿಕಾರ, 1935ರಲ್ಲಿ ಗ್ರಾಮೀಣ ವಿದ್ಯುದೀಕರಣ ಆಡಳಿತ ಸ್ಥಾಪನೆಯಾದವು. ಆಗ ಅಮೆರಿಕದ ಹಳ್ಳಿಮನೆಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಕರೆಂಟೇ ಇರಲಿಲ್ಲ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಕ್ಕೆ ತಲುಪಿದ್ದನ್ನು ಬಲ್ಲ ನಮಗೆ ಇದು ಅಚ್ಚರಿಯ ಮಾತು.

ತಂತಿ ಎಳೆದರಷ್ಟೇ ಸಾಲದು, ಕರೆಂಟ್ ಖರ್ಚಾಗಬೇಕಲ್ಲ. ಅದಕ್ಕಾಗಿ ಸರ್ಕಾರವೇ ಕಡಿಮೆ ಬಡ್ಡಿಯ ಕಂತಿನಲ್ಲಿ ಫ್ರಿಜ್, ಒಲೆ, ವಾಟರ್ ಹೀಟರ್ ಕೊಳ್ಳಲು ಸಾಲ ಕೊಡಿಸಿತು. ಟ್ಯಾಂಕ್ ಹೀಟರ್ ವಿದ್ಯುತ್ ಸಂಸ್ಥೆಗಳಿಗೂ ಅನುಕೂಲವಾಗಿತ್ತು. ಬೇಡಿಕೆ ಇಲ್ಲದ ರಾತ್ರಿಯಲ್ಲಿ ನೀರು ಕಾಯಿಸಿಟ್ಟರೆ ಬೆಳಿಗ್ಗೆ ಲೈನಿನ ಮೇಲೆ ಭಾರವಿಲ್ಲ. ಮುಂದೆ ಗ್ರಾಮೀಣ ಸಹಕಾರ ಸಂಘಗಳು ಬೇಡಿಕೆ ಏರಿದಾಗ ಮನೆಮನೆಯ ಹೀಟರನ್ನು ದೂರದಿಂದಲೇ ಆರಿಸುವ ಸ್ವಿಚ್ಚುಗಳನ್ನೂ ಅಳವಡಿಸಿದವು. ಟ್ಯಾಂಕಿನಲ್ಲಿ ನೀರು ಬಿಸಿಯಾಗಿಯೇ ಇರುವುದರಿಂದ ಮನೆಯವರಿಗೆ ಅದು ಗೊತ್ತೂ ಆಗುತ್ತಿರಲಿಲ್ಲ. ಹೀಗೆ ಜಾರ್ಜಿಯಾ, ಕೆರೊಲಿನಾಗಳು ಕರೆಂಟ್ ಟ್ಯಾಂಕಿನ ನಾಡಾದವು. ಇಂದಿಗೂ ಅಲ್ಲಿನ ಸಾಮಾನ್ಯ ಹೀಟರ್ ಎಂದರೆ 50 ಗ್ಯಾಲನ್, ಅಂದರೆ 190 ಲೀಟರಿನ ಟ್ಯಾಂಕ್. ಅದರೊಳಗಿನ ಕಾಯಿಲ್ 4.5 ಕಿಲೋವ್ಯಾಟ್, ಬ್ರೇಕರ್ 30 ಆಂಪಿಯರ್.

ಕರೆಂಟಿನ ಟ್ಯಾಂಕ್‌ಲೆಸ್ ಬೇರೂರಿದ್ದು ಜರ್ಮನಿಯಲ್ಲಿ. ಥಿಯೊಡೋರ್ ಸ್ಟೀಬೆಲ್ 1924ರಲ್ಲಿ ಬರ್ಲಿನ್ನಿನಲ್ಲಿ ನೀರು ಕಾಯಿಸುವ ಕಾಯಿಲ್ ಮಾಡಿ ಕಂಪನಿ ಕಟ್ಟಿದರು. ಅದೇ ಇಂದಿನ ಸ್ಟೀಬೆಲ್ ಎಲ್ಟ್ರಾನ್. ಅಲ್ಲಿ ಬೇರೂರಲು ಕಾರಣ ತಂತಿಯಲ್ಲಿದೆ, ನಮ್ಮಲ್ಲಿನ ಎಲೆಕ್ಟ್ರಿಷಿಯನ್ ಮಿತ್ರರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಜರ್ಮನಿಯ ಮನೆಗಳಿಗೆ ಗಲ್ಫಿನ ವಿಲ್ಲಾಗಳಂತೆ 400 ವೋಲ್ಟಿನ ತ್ರೀ ಫೇಸ್ ಬರುತ್ತದೆ. 21 ಕಿಲೋವ್ಯಾಟ್ ಹೀಟರ್ ಹಾಕಿದರೂ ಒಂದೊಂದು ಫೇಸಿಗೆ 30 ಆಂಪಿಯರ್ ಬಂದರೆ ಮುಗಿಯಿತು. ಅಮೆರಿಕದ ಮನೆಗೆ ಬರುವುದು ಸಿಂಗಲ್ ಫೇಸ್, 120 ವೋಲ್ಟಿನ ಎರಡು ಲೈನ್, ಎರಡೂ ಸೇರಿ 240. ಎಡಿಸನ್ 1883ರಲ್ಲಿ ತಂದ ಮೂರು ತಂತಿಯ ಪದ್ಧತಿಯ ಮುಂದುವರಿಕೆ ಅದು. ಅಷ್ಟೇ ಶಕ್ತಿಗೆ ಅಲ್ಲಿ ಸುಮಾರು 88 ಆಂಪಿಯರ್ ಬೇಕು.

ಈಗ ನೀರಿನ ಲೆಕ್ಕ ಹಾಕೋಣ. ಸೂತ್ರ ಸುಲಭ: ನಿಮಿಷಕ್ಕೆ ಹರಿಯುವ ಲೀಟರನ್ನು ಏರಬೇಕಾದ ಡಿಗ್ರಿಯಿಂದ ಗುಣಿಸಿ, ಮತ್ತೆ 0.07ರಿಂದ ಗುಣಿಸಿದರೆ ಬೇಕಾದ ಕಿಲೋವ್ಯಾಟ್ ಸಿಗುತ್ತದೆ. ಅಮೆರಿಕದ ಕಾನೂನಿನಂತೆ ಶವರ್ ಒಂದರಿಂದ ನಿಮಿಷಕ್ಕೆ ಹೆಚ್ಚೆಂದರೆ 2.5 ಗ್ಯಾಲನ್, ಅಂದರೆ ಸುಮಾರು 9.5 ಲೀಟರ್ ಬರಬಹುದು. ಸ್ನಾನದ ನೀರು 40 ಡಿಗ್ರಿ ಇರಲಿ. ವಾಷಿಂಗ್ಟನ್ನಿನ ನಲ್ಲಿನೀರು ಪೊಟೋಮ್ಯಾಕ್ ನದಿಯದು. ಕೊರೆಯುವ ಚಳಿಯಲ್ಲಿ ಅದು 5 ಡಿಗ್ರಿಯಲ್ಲಿ ಬಂತೆಂದುಕೊಂಡರೆ 35 ಡಿಗ್ರಿ ಏರಿಸಬೇಕು. ಒಂದು ಶವರಿಗೆ 23 ಕಿಲೋವ್ಯಾಟ್, 97 ಆಂಪಿಯರ್. ಇಬ್ಬರು ಒಟ್ಟಿಗೆ ಸ್ನಾನ ಮಾಡಿದರೆ 46 ಕಿಲೋವ್ಯಾಟ್, 190 ಆಂಪಿಯರಿಗೂ ಮೇಲೆ. ಮನೆಯ ಇಡೀ ಪ್ಯಾನೆಲ್ಲೇ ಸಾಮಾನ್ಯವಾಗಿ 200 ಆಂಪಿಯರ್. ಹಳೆಯ ಮನೆಯಾದರೆ 100 ಇರುವುದೂ ಉಂಟು. ಅಟ್ಲಾಂಟಾದಲ್ಲಿ ನೀರು 10 ಡಿಗ್ರಿಯಲ್ಲಿ ಬಂದರೂ ಒಂದು ಶವರಿಗೆ 20 ಕಿಲೋವ್ಯಾಟ್ ಬೇಕು. ಬೇಸಿಗೆಯಲ್ಲಿ 25 ಡಿಗ್ರಿಯ ನೀರಿಗೆ 10 ಸಾಕು.

ಇದೇ ಲೆಕ್ಕವನ್ನು ಬೆಂಗಳೂರಿಗೆ ತನ್ನಿ. ನೀರು 20 ಡಿಗ್ರಿಯಲ್ಲಿ ಬಂದರೆ 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ನಿಮಿಷಕ್ಕೆ ಎರಡು ಲೀಟರ್ ಕೊಡುತ್ತದೆ. 20 ಲೀಟರಿನ ಬಕೆಟ್ ತುಂಬಲು ಹತ್ತು ನಿಮಿಷ. ನಮ್ಮಲ್ಲಿ ಆ ಪುಟ್ಟ ಗೀಸರ್ ನಡೆಯುವುದರ ಗುಟ್ಟು ನಮ್ಮ ಬಕೆಟ್ ಮತ್ತು ಚೊಂಬು. ಅದನ್ನೇ ಜನವರಿಯ ವಾಷಿಂಗ್ಟನ್ನಿಗೆ ಒಯ್ದರೆ ಬಕೆಟ್ ತುಂಬಲು ಹದಿನಾರು ನಿಮಿಷ ಬೇಕು, ಶವರಂತೂ ಸಾಧ್ಯವೇ ಇಲ್ಲ. ನಮ್ಮ ಗಲ್ಫಿನ ಕಥೆ ತಲೆಕೆಳಗು. ಜುಲೈನಲ್ಲಿ ಮಾಳಿಗೆಯ ಟ್ಯಾಂಕಿನ ನೀರು ಮೈ ಸುಡುತ್ತದೆ. ಆಗ ನಾವು ಗೀಸರಿನ ಸ್ವಿಚ್ ಆರಿಸಿ, ಏಸಿಯ ತಂಪಿನಲ್ಲಿರುವ ಅದರ ನೀರನ್ನೇ ತಣ್ಣೀರೆಂದು ಬಳಸುತ್ತೇವೆ. ಒಂದೇ ಪೆಟ್ಟಿಗೆಗೆ ಮೂರು ಊರಲ್ಲಿ ಮೂರು ಬಾಳು.

ಹಾಗಾದರೆ ಅಲ್ಲಿನ ಕನ್ನಡದ ಮನೆಗೆ ಯಾವುದು ಸರಿ? ಸಾಧಾರಣ ದಿನವನ್ನು ನೋಡಿ ಆರಿಸುವಂತಿಲ್ಲ, ಅತಿ ಹೆಚ್ಚು ಬಿಸಿನೀರು ಬೇಕಾಗುವ ದಿನವನ್ನು ನೋಡಬೇಕು. ಊರಿನಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಹಬ್ಬದ ಬೆಳಿಗ್ಗೆ ಎರಡು ಬಚ್ಚಲಲ್ಲೂ ತಲೆಸ್ನಾನ, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದು ಬೇರೆ. ಆ ಹೊತ್ತಿಗೆಂದು ಹಾಕಿಸುವ ದೊಡ್ಡ ಕರೆಂಟಿನ ಟ್ಯಾಂಕ್‌ಲೆಸ್ ಎಂದರೆ 36 ಕಿಲೋವ್ಯಾಟ್, 150 ಆಂಪಿಯರ್, ಮೂರು ನಾಲ್ಕು ದಪ್ಪ ಬ್ರೇಕರು. ಹೀಟರಿನ ಬೆಲೆಗಿಂತ ಪ್ಯಾನೆಲ್ ಮತ್ತು ವೈರಿಂಗಿನ ಖರ್ಚು ಹೆಚ್ಚಾಗಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ಪ್ಯಾನೆಲ್ಲಿಗೂ ಸಲ್ಲುತ್ತದೆ. ಉಳಿತಾಯವಾದರೂ ಎಷ್ಟು? ನೀರು ಕಾಯಿಸುವ ಕರೆಂಟ್ ಎರಡರಲ್ಲೂ ಅಷ್ಟೇ. ಟ್ಯಾಂಕ್ ಸುಮ್ಮನೆ ನಿಂತಾಗ ಆರುವ ಶಾಖ ಮಾತ್ರ ಉಳಿಯುತ್ತದೆ. ಈಗಿನ ಟ್ಯಾಂಕುಗಳ ದಪ್ಪ ಹೊದಿಕೆಯಿಂದ ಅದೂ ಕಡಿಮೆ. ಗ್ಯಾಸ್ ಲೈನ್ ಇರುವ ಮನೆಯಾದರೆ ಮಾತು ಬೇರೆ. ದೊಡ್ಡ ಗ್ಯಾಸ್ ಟ್ಯಾಂಕ್‌ಲೆಸ್ ಸುಮಾರು 58 ಕಿಲೋವ್ಯಾಟಿನಷ್ಟು ಉರಿಯುತ್ತದೆ.

ಕರೆಂಟ್ ಹೋದಾಗಿನ ಮಾತೂ ಇದೆ. 2002ರ ಡಿಸೆಂಬರಿನಲ್ಲಿ ಕೆರೊಲಿನಾಗಳಲ್ಲಿ ಹಿಮದ ಮಳೆ ಸುರಿದು, ತಂತಿಗಳ ಮೇಲೆ ಮಂಜುಗಡ್ಡೆ ಕಟ್ಟಿ, ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರು ಕತ್ತಲಲ್ಲಿ ಉಳಿದರು. ಅಂಥ ದಿನ ಟ್ಯಾಂಕಿನ ಮನೆಯಲ್ಲಿ ಒಂದು ದಿನದ ಮಟ್ಟಿಗಾದರೂ ಬೆಚ್ಚನೆಯ ನೀರಿರುತ್ತದೆ. ಟ್ಯಾಂಕ್‌ಲೆಸ್ ಮನೆಯಲ್ಲಿ ಆ ಗಳಿಗೆಯಿಂದಲೇ ಇಲ್ಲ.

ಹೊಸದಾಗಿ ಬಂದ ಇನ್ನೊಂದು ದಾರಿ ಹೀಟ್ ಪಂಪ್ ಟ್ಯಾಂಕ್. ಏಸಿ ಕೆಲಸದ ನಮ್ಮವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಹೊರಗಿನ ಯೂನಿಟ್ ಗಾಳಿಗೆ ಎಸೆಯುವ ಶಾಖವನ್ನು ನೀರಿಗೆ ಕೊಟ್ಟರೆ ಹೇಗೋ ಹಾಗೆ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ. ಜಾರ್ಜಿಯಾ, ಕೆರೊಲಿನಾಗಳ ಬೆಚ್ಚನೆಯ ಗ್ಯಾರೇಜಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಕರೆಂಟಿನ ಟ್ಯಾಂಕ್‌ಲೆಸ್ ಒಪ್ಪುವುದು ಒಬ್ಬಿಬ್ಬರೇ ಇರುವ ಫ್ಲಾಟಿಗೆ, ಟ್ಯಾಂಕಿಡಲು ಜಾಗವಿಲ್ಲದ ಕಡೆಗೆ, ಹೀಟರಿನಿಂದ ದೂರವಿರುವ ಒಂದು ಸಿಂಕಿಗೆ.

ಇನ್ನು ನಮ್ಮ ಊರಿನ ಮನೆಗೆ ಬರೋಣ. ಮಾನ್ ಮಾಡಿದ ಗೀಸರಿನ ಕೊರತೆಯನ್ನು ಮೇಲೆ ಹೇಳಿದೆವು. ನೂರೈವತ್ತು ವರ್ಷ ಕಳೆದರೂ ಅದೇ ಕೊರತೆ ಕರ್ನಾಟಕದಲ್ಲಿ ಜೀವ ತೆಗೆಯುತ್ತಿದೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಬೆಂಗಳೂರಿನಂಥ ನಗರದಲ್ಲೂ ಇದರಿಂದ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮನೆಯವರು ಫೋನಿನಲ್ಲಿ ಗ್ಯಾಸ್ ಗೀಸರ್ ಅಗ್ಗವೆಂದರೆ ನಾವು ಇಲ್ಲಿಂದಲೇ ಖಂಡಿತವಾಗಿ ಹೇಳಬೇಕು: ಹಾಕುವುದಾದರೆ ಬಚ್ಚಲಿನ ಹೊರಗೆ, ಗಾಳಿಯಾಡುವಲ್ಲಿ ಹಾಕಿ. ಕರೆಂಟಿನ ಇನ್‌ಸ್ಟಂಟ್ ಹಾಕಿಸಿದರೆ ಅದು 13 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರಿನ ಪ್ರತ್ಯೇಕ ಲೈನ್, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಬೋರ್‌ವೆಲ್ಲಿನ ಗಡಸು ನೀರಾದರೆ ಕಾಯಿಲಿಗೆ ಸುಣ್ಣ ಕಟ್ಟುತ್ತದೆ, ಆಗಾಗ ತೆಗೆಸಬೇಕು. ಮಾಳಿಗೆಗೆ ಬಿಸಿಲು ಬೀಳುವುದಾದರೆ ಸೋಲಾರ್. ಕರ್ನಾಟಕ ಸರ್ಕಾರ 2007ರಲ್ಲೇ ಹಲವು ಬಗೆಯ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿತು. ಸೋಲಾರಿನ ಟ್ಯಾಂಕೂ ಹಂಡೆಯೇ, ಒಲೆ ಮಾತ್ರ ಆಕಾಶದಲ್ಲಿ.

ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿದರೆ ಸಾಕು. ನೀರು ಎಷ್ಟು ತಣ್ಣಗೆ ಬರುತ್ತದೆ? ಮನೆಗೆ ಬರುವ ತಂತಿ ಎಷ್ಟು ಹೊರುತ್ತದೆ? ಮನೆಯವರು ಸ್ನಾನ ಮಾಡುವುದು ಹೇಗೆ, ಎಷ್ಟು ಜನ, ಒಬ್ಬೊಬ್ಬರಾಗಿಯೋ ಒಟ್ಟಿಗೋ? ಇದಕ್ಕೆ ಉತ್ತರ ಸಿಕ್ಕ ಮೇಲೆ ಪೆಟ್ಟಿಗೆಯ ಮೇಲಿನ ಹೆಸರು ಯಾವುದಾದರೂ ನಡೆದೀತು. ನಮ್ಮ ಅಜ್ಜಿಯರು ಮನೆಯ ತಲೆ ಎಣಿಸಿ, ಕೊಟ್ಟಿಗೆಯಲ್ಲಿರುವ ಸೌದೆ ನೋಡಿ ಹಂಡೆ ಕೊಳ್ಳುತ್ತಿದ್ದರು. ಅವರ ಲೆಕ್ಕ ತಪ್ಪುತ್ತಿರಲಿಲ್ಲ.