ಕಲ್ಲಿದ್ದಲಿನ ಪ್ರಕ್ಷಾಲನ

ಇದ್ದಲನ್ನು ಎಷ್ಟು ತೊಳೆದರೂ ಅದರ ಕಪ್ಪು ಹೋಗದೆಂದು ಹೇಳಿ, ಆ ಕೆಲಸವನ್ನು ವ್ಯರ್ಥಪ್ರಯತ್ನಕ್ಕೆ ನಿದರ್ಶನವಾಗಿ ತೋರಿಸುವುದು ಸಂಸ್ಕೃತದ ನೀತಿಕಾರರಲ್ಲಿ ರೂಢವಾದುದು. ಅವರ ದೃಷ್ಟಿಯಲ್ಲಿದ್ದುದು ಸೌದೆಯ ಇದ್ದಲು. ಕಲ್ಲಿದ್ದಲಿನ ವಿಚಾರವು ಬೇರೆ. ಇದನ್ನು ತೊಳೆಯುವುದು ಬಣ್ಣವನ್ನು ಕಳೆಯುವುದಕ್ಕಲ್ಲ, ಇದರೊಡನೆ ಬೆರೆತ ಕಲ್ಲುಮಣ್ಣುಗಳನ್ನೂ ಗಂಧಕವನ್ನೂ ಕಳೆಯುವುದಕ್ಕೆ. ರಸಶಾಸ್ತ್ರದಲ್ಲಿ ತುಪ್ಪ ಹಾಲುಗಳಿಂದ ಶೋಧಿಸಿ ಆದರಿಸಲ್ಪಡುವ ಗಂಧಕವು ಇಲ್ಲಿ ತಾನೇ ಮಲವೆನಿಸಿತು.

ಗಂಧಕದ ದೋಷವು ಪ್ರಬಲವಾಗಿ ವ್ಯಕ್ತವಾದುದು ಕಬ್ಬಿಣದ ಕುಲುಮೆಗಳಲ್ಲಿ. ಗಂಧಕ ಸೇರಿದ ಕಬ್ಬಿಣವು ಕೆಂಪಗೆ ಕಾದಿರುವಾಗ ಸುತ್ತಿಗೆಯ ಪೆಟ್ಟನ್ನು ತಾಳದೆ ಬಿರಿಯುತ್ತದೆ. ಸೌದೆಯ ಇದ್ದಲಿನಲ್ಲಿ ಗಂಧಕವು ಇಲ್ಲವೆನ್ನುವಷ್ಟು ಅಲ್ಪ. (ಕಲ್ಲಿದ್ದಲಿಲ್ಲದ ಮೈಸೂರು ಸೀಮೆಯಲ್ಲಿ, 1923ರಲ್ಲಿ ಭದ್ರಾವತಿಯ ಕಾರ್ಖಾನೆಯು ಅದಿರನ್ನು ಕರಗಿಸತೊಡಗಿದುದು ಸೌದೆಯ ಇದ್ದಲಿನಿಂದಲೇ.) ಕ್ರಿ. ಶ. 1709ರಲ್ಲಿ ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್ ಎಂಬಲ್ಲಿ ಅಬ್ರಹಾಂ ಡಾರ್ಬಿಯು ಕಲ್ಲಿದ್ದಲನ್ನು ಸುಟ್ಟು ಕೋಕ್ ಮಾಡಿ, ಅದರಿಂದ ಅದಿರನ್ನು ಕರಗಿಸಿದನು. ಸುಟ್ಟುದರಿಂದಲೇ ಗಂಧಕವೆಲ್ಲ ನೀಗಿತೆಂದು ಬರೆಯುವವರುಂಟು, ಅದು ಸರಿಯಲ್ಲ. ಸುಟ್ಟಾಗ ಹೋಗುವುದು ಒಂದಂಶ ಮಾತ್ರ. ಆ ಸ್ಥಳದ ಕಲ್ಲಿದ್ದಲಿನಲ್ಲಿ ಗಂಧಕವು ಮೊದಲೇ ಅಲ್ಪವಾಗಿದ್ದುದು ಡಾರ್ಬಿಯ ಭಾಗ್ಯವೆನ್ನಬೇಕು.

ತೊಳೆಯುವ ಕ್ರಮವಾದರೋ ಲೋಹದ ಅದಿರುಗಳಿಂದ ಬಂದುದು. ಜರ್ಮನಿಯ ಅಗ್ರಿಕೋಲನು ಲ್ಯಾಟಿನ್ ಭಾಷೆಯಲ್ಲಿ ರಚಿಸಿದ, 1556ರಲ್ಲಿ ಪ್ರಕಟವಾದ ಗಣಿಶಾಸ್ತ್ರಗ್ರಂಥದಲ್ಲಿ ಅದಿರನ್ನು ಜರಡಿಯಲ್ಲಿಟ್ಟು ನೀರಿನೊಳಗೆ ಕುಲುಕುವ ವಿಧಾನವು ವರ್ಣಿತವಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನವರು ಇದನ್ನು ಯಂತ್ರಕ್ಕೆ ಅಳವಡಿಸಿ ಕಲ್ಲಿದ್ದಲಿಗೂ ಪ್ರಯೋಗಿಸಿದರು. ಕನ್ನಡನಾಡಿನ ಅಡಿಗೆಮನೆಗಳಲ್ಲಿ ಅಕ್ಕಿಯನ್ನು ಜಾಲಿಸಿ ಕಲ್ಲನ್ನು ಬೇರ್ಪಡಿಸುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ನೀರಿನ ಭಾರವನ್ನು 1 ಎಂದಿಟ್ಟುಕೊಂಡರೆ, ಅಷ್ಟೇ ಗಾತ್ರದ ಕಲ್ಲಿದ್ದಲಿನ ಭಾರವು ಸುಮಾರು 1.3, ಜೇಡಿಗಲ್ಲಿನದು 2.5, ಕಬ್ಬಿಣವೂ ಗಂಧಕವೂ ಕೂಡಿದ ಪೈರೈಟಿನದು 5. ಆದುದರಿಂದ ನೀರು ಮಿಡಿದಂತೆಲ್ಲ ಇದ್ದಲು ಮೇಲಕ್ಕೂ ಕಲ್ಮಷವು ತಳಕ್ಕೂ ಸರಿಯುತ್ತವೆ.

ಆದರೆ ಈ ಉಪಾಯವು ಬಿಡಿಯಾಗಿ ನಿಂತ ಮಲಕ್ಕೆ ಮಾತ್ರ ಸಲ್ಲುವುದು. ಇದ್ದಲಿನ ಇಂಗಾಲದೊಡನೆಯೇ ರಸಾಯನಬಂಧದಿಂದ ಕೂಡಿದ ಗಂಧಕವೂ ಉಂಟು. ಅದನ್ನು ನೀರು ಮುಟ್ಟಲಾರದು. ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಪೈರೈಟಿನದು ಸಂಯೋಗ, ಇದು ಸಮವಾಯದಂತಹುದು. ನೀತಿಕಾರರ ಮಾತಿಗೆ ಇಲ್ಲಿ ತಕ್ಕಮಟ್ಟಿನ ಆಸರೆ ದೊರೆಯುತ್ತದೆ.

ಭಾರತದ ಕಲ್ಲಿದ್ದಲಿನಲ್ಲಿ ಈ ಭೇದವು ಎದ್ದು ಕಾಣುವುದು. ಅಸ್ಸಾಮಿನ ಮಾಕುಂ ಪ್ರದೇಶದ ಇದ್ದಲಿನಲ್ಲಿ ಬೂದಿ ಅಲ್ಪ, ಗಂಧಕ ಅಧಿಕ. ಆ ಗಂಧಕದಲ್ಲಿ ಬಹುಭಾಗವು ಇಂಗಾಲಬದ್ಧವಾದುದರಿಂದ ಪ್ರಕ್ಷಾಲನವು ಅಲ್ಲಿ ನಿಷ್ಫಲಪ್ರಾಯ. ಝರಿಯಾ ಮೊದಲಾದ ದಾಮೋದರ ಕಣಿವೆಯ ಇದ್ದಲು ಇದಕ್ಕೆ ವಿಪರೀತ. ಅದರಲ್ಲಿ ಗಂಧಕವು ಸಾಮಾನ್ಯವಾಗಿ ನೂರಕ್ಕೆ 1ಕ್ಕಿಂತ ಕಡಮೆ, ಪೀಡೆಯೆಲ್ಲ ಬೂದಿಯದು. ಪ್ರಾಚೀನ ನದಿಗಳು ಸಸ್ಯರಾಶಿಯೊಡನೆ ಹೂಳನ್ನೂ ತಂದು ಒಡ್ಡಿದುದರಿಂದ ಮಣ್ಣು ಇದ್ದಲಿನಲ್ಲಿ ಅತಿಸೂಕ್ಷ್ಮವಾಗಿ ಬೆರೆತುಹೋಗಿದೆ. ಜಮ್ಷೆಡ್‌ಪುರದಲ್ಲಿ 1911ರಲ್ಲಿ ಕಬ್ಬಿಣದ ಉತ್ಪಾದನೆಯು ಮೊದಲಾಯಿತು. ಮುಂದೆ ಉತ್ತಮವಾದ ಪದರಗಳು ಸವೆಯುತ್ತ ಬಂದಂತೆ 1951ರಲ್ಲಿ ಪಶ್ಚಿಮ ಬೊಕಾರೋವಿನಲ್ಲಿಯೂ 1952ರಲ್ಲಿ ಜಾಮಾಡೋಬಾದಲ್ಲಿಯೂ ತೊಳೆಯುವ ಕಾರ್ಖಾನೆಗಳು ಸ್ಥಾಪಿತವಾದುವು. ಯೂರೋಪಿನಲ್ಲಿ ಕೋಕಿಗೆ ಬಳಸುವ ಇದ್ದಲಿನ ಬೂದಿಯನ್ನು ನೂರಕ್ಕೆ 10ಕ್ಕಿಂತ ಕೆಳಗಿಳಿಸುವುದು ವಾಡಿಕೆ. ಇಲ್ಲಿ ತೊಳೆದ ಬಳಿಕವೂ ಸುಮಾರು 17ರಷ್ಟು ಬೂದಿಗೆ ಒಪ್ಪಿಕೊಳ್ಳಬೇಕಾಯಿತು.