ನಡೆಯುವ ಆಸ್ಪತ್ರೆ

ಆಂಬುಲೆನ್ಸ್ ಎಂದರೆ ನಮಗೆ ಸೈರನ್ ಹಾಕಿಕೊಂಡು ಓಡುವ ಬಿಳಿ ಗಾಡಿ. ಪದದ ಬೇರಿನಲ್ಲಿ ಗಾಡಿಯೂ ಇಲ್ಲ, ಓಟವೂ ಇಲ್ಲ. ಲ್ಯಾಟಿನ್ನಿನ 'ಆಂಬುಲಾರೆ' ಎಂದರೆ ನಡೆಯುವುದು. ಮಕ್ಕಳನ್ನು ಕೂರಿಸಿ ತಳ್ಳುವ ಪೆರಾಂಬುಲೇಟರ್ ಕೂಡ ಇದೇ ಬಳಗದ್ದು. ಸೈನ್ಯದ ಬೆನ್ನಿಗೆ ಸಾಗುವ ಚಿಕಿತ್ಸಾ ಶಿಬಿರವನ್ನು ಫ್ರೆಂಚರು 'ನಡೆಯುವ ಆಸ್ಪತ್ರೆ' ಅಂದರು. ಬರಬರುತ್ತಾ ಆಸ್ಪತ್ರೆ ಉದುರಿ ನಡಿಗೆಯಷ್ಟೇ ಹೆಸರಾಗಿ ಉಳಿಯಿತು.

ಆದರೆ ಆ ಶಿಬಿರ ನಿಲ್ಲುತ್ತಿದ್ದುದು ರಣರಂಗದಿಂದ ಸುಮಾರು ಒಂದು ಹರದಾರಿ ಹಿಂದೆ. ಕಾಳಗ ಮುಗಿದ ಮೇಲೇ ಗಾಯಾಳುಗಳ ಸರದಿ. ಅಷ್ಟರಲ್ಲಿ ಎಷ್ಟೋ ಮಂದಿ ರಕ್ತ ಸೋರಿಯೇ ಸತ್ತಿರುತ್ತಿದ್ದರು. ಸೇನಾ ಶಸ್ತ್ರವೈದ್ಯ ಡೊಮಿನಿಕ್ ಜಾನ್ ಲಾರೇಗೆ ಇದು ಸಹಿಸಲಾಗಲಿಲ್ಲ. 1792ರಲ್ಲಿ ಆತ ಹಗುರ ಕುದುರೆಗಾಡಿಗಳನ್ನು ಕಾಳಗದ ನಡುವೆಯೇ ಕಳಿಸುವ ಯೋಜನೆ ಹಾಕಿದ. ಅವು 'ಹಾರುವ ಆಂಬುಲೆನ್ಸ್'. ಕ್ರಿಮಿಯಾ ಯುದ್ಧದ ಹೊತ್ತಿಗೆ ಇಂಗ್ಲಿಷಿನಲ್ಲಿ ಪದ ಗಾಡಿಗೇ ಅಂಟಿಕೊಂಡಿತು. ನಮಗೆ ಬಂದದ್ದು ಆ ಗಾಡಿಯೇ. 2008ರಿಂದ ಕರ್ನಾಟಕದಲ್ಲಿ ಅದಕ್ಕೆ ಇನ್ನೊಂದು ಹೆಸರೂ ಸೇರಿದೆ: 'ನೂರೆಂಟು ಬಂತು, ದಾರಿ ಬಿಡಿ!'

ಲಾರೇ ಅಳಿಸಹೊರಟ ಆ ಹರದಾರಿ 1999ರ ಏಪ್ರಿಲ್ 20ರಂದು ಅಮೆರಿಕದ ಕೊಲೊರಾಡೊದಲ್ಲಿ ಮತ್ತೆ ಕಂಡಿತು. ಕೊಲಂಬೈನ್ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸುತ್ತಿದ್ದರೆ ಪೊಲೀಸರು ಕಟ್ಟಡ ಸುತ್ತುವರಿದು ವಿಶೇಷ ಪಡೆಗಾಗಿ ಕಾದರು. ಒಳಗೆ ಗುಂಡೇಟು ತಿಂದ ಶಿಕ್ಷಕರೊಬ್ಬರ ಗಾಯಕ್ಕೆ ಮಕ್ಕಳು ತಮ್ಮ ಅಂಗಿ ಬಿಚ್ಚಿ ಒತ್ತಿದರು. ಇಲ್ಲೊಬ್ಬರು ರಕ್ತ ಹರಿದು ಸಾಯುತ್ತಿದ್ದಾರೆ ಎಂದು ಬರೆದು ಕಿಟಕಿಗೆ ಹಿಡಿದರು. ಮೂರು ಗಂಟೆ ಕಳೆಯಿತು. ಶಿಕ್ಷಕರು ಉಳಿಯಲಿಲ್ಲ.

ಮೊದಲು ಬಂದ ಪೊಲೀಸರೇ ಕಾಯದೆ ಒಳನುಗ್ಗಬೇಕು ಎಂಬ ಪಾಠ ಆಮೇಲೆ ಬಂತು. ಆದರೂ 2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡಿಯ ಶಾಲೆಯೊಂದರಲ್ಲಿ ಗುಂಡಿನ ದಾಳಿ ನಡೆದಾಗ ಪೊಲೀಸರು 77 ನಿಮಿಷ ಕಾದರು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಇದನ್ನು ಕ್ಷಮಿಸುವುದು ನನ್ನಿಂದಾಗದು.

ಪ್ಯಾರಾಮೆಡಿಕ್‌ಗಳ ಮಾತು ಬೇರೆ. ಇಡೀ ಕಟ್ಟಡ ಶೋಧಿಸುವವರೆಗೂ ಅವರು ಹೊರಗಿರಬೇಕಿತ್ತು. ವರ್ಜೀನಿಯಾದ ಆರ್ಲಿಂಗ್ಟನ್ ಕೌಂಟಿಯ ಅಗ್ನಿಶಾಮಕ ದಳ ಈ ಪದ್ಧತಿ ಮುರಿಯಿತು. ಪೊಲೀಸರು ದಾಟಿಹೋದ, ಆದರೆ ಪೂರ್ತಿ ಶೋಧಿಸಿರದ ಜಾಗಕ್ಕೆ 'ವಾರ್ಮ್ ಝೋನ್' ಎನ್ನುತ್ತಾರೆ. ಗುಂಡುನಿರೋಧಕ ಜಾಕೆಟ್, ಹೆಲ್ಮೆಟ್ ತೊಟ್ಟ ಪ್ಯಾರಾಮೆಡಿಕ್‌ಗಳು ಪೊಲೀಸ್ ಕಾವಲಿನಲ್ಲಿ ಅಲ್ಲಿಗೆ ನಡೆದೇ ಹೋಗುತ್ತಾರೆ. ಗಾಡಿ ಹೊರಗೇ ಇರುತ್ತದೆ. ಪದದ ಹಳೆಯ ಅರ್ಥ ಇಲ್ಲಿ ಮರಳಿದೆ. ದೊಡ್ಡ ರಕ್ತನಾಳ ಹರಿದಿದ್ದರೆ ಇರುವುದು ಕೆಲವೇ ನಿಮಿಷ. ತೊಡೆಗೆ ಗುಂಡು ಬಿದ್ದಿದ್ದರೆ ಗಾಯದ ಮೇಲ್ಗಡೆ ಟೂರ್ನಿಕೆ ಪಟ್ಟಿ ಸುತ್ತಿ, ಅದರ ಕಡ್ಡಿಯನ್ನು ರಕ್ತ ನಿಲ್ಲುವವರೆಗೂ ತಿರುಚಿ ಸಿಕ್ಕಿಸುತ್ತಾರೆ. ಕಟ್ಟಿದ ಹೊತ್ತು ಬರೆದು ಮುಂದಿನವರ ಬಳಿ ಹೋಗುತ್ತಾರೆ. ಹೊಲಿಗೆ, ಶಸ್ತ್ರಕ್ರಿಯೆ ಎಲ್ಲ ಆಮೇಲೆ.