ಗುಳೆ ಸೀಮೆಗೆ ಆಪ್ತ ಸಮಾಲೋಚನೆ ಬಂದ ದಾರಿ

ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ನರ ಹತ್ತಿರ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗ ಶುರುಮಾಡಿದಾಗ ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರಿನಲ್ಲಿದ್ದವು. ಒಟ್ಟು ಸೀಮೆಯೇ ನಿಜಾಮರದ್ದು. ಆ ಪಾಠ ಇತ್ತ ಬರುವ ಮಾತೇ ಇರಲಿಲ್ಲ. ಮನಸ್ಸು ಕೆಟ್ಟವರಿಗೆ ಹುಲಿಗೆಮ್ಮನ ಗುಡಿ, ದರ್ಗಾ, ಇಲ್ಲವೇ ಹೇಳಿಕೆ ಹೇಳುವವರ ಪಡಸಾಲೆ. ಅದನ್ನು ಕಂಡು ನಗುವವಳು ನಾನಲ್ಲ. ಅಲ್ಲಿ ಬಂದವರನ್ನು ಕೂರಿಸಿಕೊಂಡು ‘ಏನಾಗೈತಿ’ ಎಂದು ಕೇಳುವ ಒಬ್ಬರಾದರೂ ಇದ್ದರು.

1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯವರೆಗೆ ಒಯ್ದರು. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಹೊಸಪೇಟೆ ಆಗ ಬಳ್ಳಾರಿ ಜಿಲ್ಲೆ. ತುಂಗಭದ್ರೆಯ ಈಚೆ ದಂಡೆಯ ಮುನಿರಾಬಾದ್, ಹುಲಿಗಿ ರಾಯಚೂರು ಜಿಲ್ಲೆ. ಪ್ರಯೋಗ ಹೊಳೆಗೆ ಬಂದು ನಿಂತಿತು. ಕೊಪ್ಪಳ ಜಿಲ್ಲೆ ಆದದ್ದೇ 1997ರಲ್ಲಿ.

ಕೊನೆಗೆ ಕೊಪ್ಪಳ ಜಿಲ್ಲೆಯ ಆಗಿನ ನಾಲ್ಕು ತಾಲ್ಲೂಕುಗಳಿಗೆ ಆಪ್ತ ಸಮಾಲೋಚನೆಯ ಕಸುಬನ್ನು ಹೊತ್ತು ತಂದದ್ದು ಎಚ್‌ಐವಿ. ಮಳೆ ಕೈಕೊಟ್ಟರೆ ಕುಷ್ಟಗಿ, ಯಲಬುರ್ಗಾದ ಮಂದಿ ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುವುದು ಹಳೆಯ ರೂಢಿ. ರೋಗಕ್ಕೆ ಗುಳೆಯೇ ಕಾರಣ ಎಂದು ದೂರುವವರಿದ್ದರು. ಆದರೆ ಕೂಲಿಗೆ ಹೊರಗಿನವರೇ ಬರುವ ಗಂಗಾವತಿಯ ಭತ್ತದ ಸೀಮೆಯನ್ನೂ ಆ ರೋಗ ಬಿಟ್ಟಿರಲಿಲ್ಲ. ಬೆಂಗಳೂರಿನಲ್ಲಿ 1993ರಲ್ಲಿ ಹುಟ್ಟಿದ ‘ಸಂರಕ್ಷಾ’ ಸಂಸ್ಥೆ ಕೊಪ್ಪಳಕ್ಕೂ ಬಂದು ಕೆಲಸ ಮಾಡಿತು. ಆಮೇಲೆ ಸರಕಾರಿ ಆಸ್ಪತ್ರೆಗಳಲ್ಲಿ ಐಸಿಟಿಸಿ, ಅಂದರೆ ಸಮಾಲೋಚನೆ ಮತ್ತು ರಕ್ತಪರೀಕ್ಷೆಯ ಕೇಂದ್ರಗಳು ತೆರೆದವು. ಮನೋವಿಜ್ಞಾನ, ಸಮಾಜಕಾರ್ಯ, ಸಮಾಜಶಾಸ್ತ್ರ ಓದಿದವರು ಅರ್ಜಿ ಹಾಕಬಹುದಿತ್ತು. ನಾನು ಸಮಾಜಶಾಸ್ತ್ರದವಳು. ಮೊದಲು ನೌಕರಿ, ಆಮೇಲೆ 12 ದಿನದ ತರಬೇತಿ.

ಆ ತರಬೇತಿಯನ್ನು ಹಗುರವಾಗಿ ಕಾಣಲಾರೆ. ಟೇಬಲ್ಲಿನ ಆಚೆ ಕೂತು ಸಾಹೇಬರಂತೆ ಕೇಳಬಾರದು, ಕುರ್ಚಿ ಪಕ್ಕಕ್ಕೆ ಎಳೆದುಕೊಳ್ಳಬೇಕು. ಫಲಿತಾಂಶ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಈ ಎರಡನೆಯದು ಬಲು ಕಷ್ಟ. ಸಮಾಧಾನದ ಮಾತು ನಾಲಿಗೆಯ ತುದಿಗೆ ಬಂದಿರುತ್ತದೆ. ಕೋಣೆಯಲ್ಲಿ ಒಂದು ಪರದೆ, ನಿರೋಧ್ ಬಳಕೆ ತೋರಿಸಲು ಕಟ್ಟಿಗೆಯ ಮಾದರಿ, ಚಿತ್ರದ ಹಾಳೆಗಳು, ಬೀಗ ಹಾಕುವ ಬೀರು. ಪರೀಕ್ಷೆಯ ಚೀಟಿಯ ಮೇಲೆ ಹೆಸರಿಲ್ಲ, ಪಿಐಡಿ ಎಂಬ ಗುರುತಿನ ನಂಬರು ಮಾತ್ರ.

ಬಸುರಿ ಹೆಂಗಸೊಬ್ಬಳು ಬಂದಿದ್ದಳು. ಗಂಡ ಗೋವಾದಲ್ಲಿ. ರಕ್ತದಲ್ಲಿ ಏನೂ ಇಲ್ಲ ಎಂದು ಹೇಳಿದೆ. ಆದರೂ ಏಳಲಿಲ್ಲ.

“ಅಕ್ಕಾರ, ಅದು ಹೋಗ್ಲಿ ಬಿಡ್ರಿ. ರಾತ್ರಿಯೆಲ್ಲಾ ಎದಿ ಬಡಕೊಂತೈತಿ, ನಿದ್ದಿ ಬರವಲ್ದು. ಇದಕ್ಕೇನ್ ಮಾಡ್ಲಿ?”

ನನ್ನ ರಿಜಿಸ್ಟರಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ಇಂಥ ಮಾತು ಕೇಳಿ ಕೇಳಿಯೇ ನಾನು ದೂರಶಿಕ್ಷಣದಲ್ಲಿ ಡಿಪ್ಲೊಮಾಕ್ಕೆ ಹೆಸರು ಹಚ್ಚಿದ್ದು. ಪಾಠಗಳೆಲ್ಲ ಇಂಗ್ಲಿಷು. ಅವುಗಳಲ್ಲಿನ ರೋಗಿ ಒಬ್ಬನೇ ಬರುತ್ತಾನೆ, ಒಂದು ತಾಸು ಮಾತಾಡುತ್ತಾನೆ, ಮುಂದಿನ ವಾರ ತಪ್ಪದೆ ಮತ್ತೆ ಬರುತ್ತಾನೆ. ನಮ್ಮಲ್ಲಿ ಸೊಸೆಯ ಜೊತೆಗೆ ಅತ್ತೆಯೂ ಒಳಗೆ ಬರುತ್ತಾಳೆ, ಹತ್ತು ನಿಮಿಷಕ್ಕೆ ಹನುಮಸಾಗರದ ಬಸ್ಸು ಬಂತೆಂದು ಇಬ್ಬರೂ ಏಳುತ್ತಾರೆ. ನನ್ನನ್ನು ದಡ ಸೇರಿಸಿದ್ದು ಕನ್ನಡದ ವೈದ್ಯ ಲೇಖಕರು: 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಎಂ. ಶಿವರಾಂ ಅವರ ‘ಮನಮಂಥನ’, ಸಿ.ಆರ್. ಚಂದ್ರಶೇಖರ್ ಅವರ ಸಣ್ಣ ಸಣ್ಣ ಪುಸ್ತಕಗಳು. ಅತ್ತೆಯನ್ನು ಹೊರಗೆ ಕಳಿಸಲು ತೂಕ ನೋಡುವ ನೆಪ ಹೂಡುವುದನ್ನು ಮಾತ್ರ ಯಾವ ಪುಸ್ತಕವೂ ಹೇಳಲಿಲ್ಲ. ಅದನ್ನು ಹಳೆಯ ನರ್ಸಕ್ಕನಿಂದ ಕಲಿತೆ.

2014ರಲ್ಲಿ ಮನೋಚೈತನ್ಯ ಕಾರ್ಯಕ್ರಮ ಬಂದು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಾಯಿತು. 2022ರಿಂದ ಟೆಲಿ ಮಾನಸ್ ಸಹಾಯವಾಣಿ, 14416. ಎದೆ ಬಡಕೊಳ್ಳುವವರನ್ನು ಕಳಿಸಲು ಈಗೊಂದು ಜಾಗವಿದೆ.

2021ರ ಕೇಂದ್ರ ಕಾಯ್ದೆಯೊಂದು ಹಲವು ಆರೋಗ್ಯ ವೃತ್ತಿಗಳನ್ನು ಪಟ್ಟಿ ಮಾಡಿದೆ. ಮನೋವಿಜ್ಞಾನಿಗಳ ಜೊತೆಗೆ ಎಚ್‌ಐವಿ ಸಮಾಲೋಚಕರ ಹೆಸರೂ ಅದರಲ್ಲಿದೆ. ಓದಬೇಕಾದದ್ದು ಕನಿಷ್ಠ 2,000 ಗಂಟೆ, ಕೆಲವು ವೃತ್ತಿಗಳಿಗೆ 3,600. ಹನ್ನೆರಡು ದಿನದ ನಾವು ಎಲ್ಲಿ ನಿಲ್ಲುತ್ತೇವೆ ಎಂಬ ಚರ್ಚೆ ಮೀಟಿಂಗುಗಳ ಚಹಾದ ಹೊತ್ತಿನಲ್ಲಿ ನಡೆದೇ ಇದೆ. ಗಂಟೆ ಎಣಿಸುವುದು ಸರಿಯೇ. ಮನುಷ್ಯರ ಮನಸ್ಸಿಗೆ ಕೈಹಾಕುವವರು ಇನ್ನಷ್ಟು ಓದಿರಬೇಕು. ಆದರೆ ಆ ಗಂಟೆಗಳನ್ನು ಯಲಬುರ್ಗಾದ ಹುಡುಗಿ ಎಲ್ಲಿ, ಯಾವ ಭಾಷೆಯಲ್ಲಿ ತುಂಬಿಕೊಳ್ಳಬೇಕು ಎಂಬುದನ್ನೂ ಯಾರಾದರೂ ಹೇಳಲಿ. ಅಂಥ ಒಬ್ಬಳು ಮೊನ್ನೆ ಬಂದು ಪಿಯುಸಿಗೆ ಮನೋವಿಜ್ಞಾನ ತಗೊಳ್ಳಲೇ ಎಂದು ಕೇಳಿದಳು. ತಗೋ ಅಂದೆ. “ಪರ್ಮನೆಂಟ್ ಆಗತೈತೇನ್ರೀ ನೌಕರಿ?” ಎಂದಳು. ನನ್ನದು ಇನ್ನೂ ಗುತ್ತಿಗೆಯದೇ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ.